ಹಿಂದಿನ ಸೀಟು ಮಡಚಿದ ಗಾಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರಿನ ಬಣ್ಣ ಬಿಳಿ ಎಂದು ನನ್ನ ಹಳೆಯ ದಿನಚರಿಯಲ್ಲಿ ಎರಡು ಕಡೆ ಇದೆ, ಒಂದು ಕಡೆ ಬೂದು ಎಂದಿದೆ. ಆ ದಿನಚರಿಗಳನ್ನೂ ಬರೆದದ್ದು ಎಲ್ಲ ನಡೆದು ಹತ್ತು ಹನ್ನೊಂದು ವರ್ಷಗಳಾದ ಮೇಲೆ, ಧಾರವಾಡದಲ್ಲಿ ಎಂ.ಎ. ಓದುವಾಗ. ಓದಿದ್ದು ಇತಿಹಾಸ. ಇಷ್ಟು ತಡವಾಗಿ ಹೇಳಿದ ಸಾಕ್ಷಿಯನ್ನು ಬೇರೆಯವರದ್ದಾದರೆ ನಾನು ನಂಬುತ್ತಿರಲಿಲ್ಲ.

ಖಚಿತವಾಗಿ ಗೊತ್ತಿರುವುದು ಸ್ವಲ್ಪ. ಆಗ ನನಗೆ ಹನ್ನೊಂದು ವರ್ಷ. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ, ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಸಿದ್ದಾಪುರದ ಮನೆಯಲ್ಲಿ, ನನ್ನನ್ನು ಯಲ್ಲಾಪುರದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ ದಿನ ಅಪ್ಪನನ್ನು ಒಂದು ಉದ್ದನೆಯ ಬಾಡಿಗೆ ಕಾರಿನಲ್ಲಿ ತಂದರು. ನನ್ನನ್ನು ಹತ್ತಿಸಿಕೊಳ್ಳಲೆಂದೇ ಗಾಡಿ ಯಲ್ಲಾಪುರದ ಮೇಲೆ ಬಂತು. ಹಿಂದಿನ ಸೀಟು ಮಡಚಿ, ಡಿಕ್ಕಿಯವರೆಗೂ ಹಾಸಿಗೆ ಹಾಸಿ ಅಪ್ಪನನ್ನು ಮಲಗಿಸಿದ್ದರು. ಮುಂದೆ ಡ್ರೈವರ್, ಅವನ ಪಕ್ಕದಲ್ಲಿ ಅಪ್ಪನ ತಮ್ಮ, ಅಂದರೆ ನನ್ನ ಅಪ್ಪಚ್ಚಿ. ನಾನು ಹಿಂದೆ, ಅಪ್ಪನ ಪಕ್ಕ.

"ಮಾತಾಡ್ತಾ ಇರು ಕೂಸೆ," ಅಂದ ಅಪ್ಪಚ್ಚಿ. "ಅಪ್ಪಂಗೆ ಎಲ್ಲಾ ಕೇಳ್ತು."

ಮಂಚಿಕೇರಿ, ಸೋಂದಾ ಕ್ರಾಸ್, ಶಿರಸಿ, ಕಾನಸೂರು. ಸಿದ್ದಾಪುರದ ನಮ್ಮ ಮನೆಯ ಗೇಟಿನವರೆಗೆ ನಾನು ಮಾತಾಡಿದೆ. ಆಗ ಅಪ್ಪ ಬದುಕಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಮೂವತ್ತು ವರ್ಷ, ಬದುಕಿದ್ದ ಎಂದೇ ತಿಳಿದಿದ್ದೆ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಹಳೆಯ ಕಾರು ಕೊಂಡ ಮೇಲೆ ಆ ತಿಳಿವಳಿಕೆ ಉಳಿಯಲಿಲ್ಲ.

ಇದಕ್ಕಾಗಿಯೇ ಕೊಂಡೆಯಾ ಎಂದರೆ ಅಲ್ಲ ಎನ್ನುತ್ತೇನೆ. ನನಗೆ ಆ ಜಾತಿಯ ಕಾರುಗಳು ನಿಜಕ್ಕೂ ಇಷ್ಟ. ಮುಂದಿನಿಂದ ನೋಡಿದರೆ ಆಫೀಸಿಗೆ ಹೋಗುವ ಸಾಧಾರಣ ಕಾರು. ಹಿಂದಿನ ಬಾಗಿಲು ದಾಟಿದ ಮೇಲೆ ಬೇರೆ ಕಾರುಗಳ ಮಾಡು, ಅಂದರೆ ಚಾವಣಿ, ಇಳಿಜಾರಾಗುತ್ತದೆ; ಇದರ ಮಾಡು ಮಾತ್ರ ಇಳಿಯದೆ ಕೊನೆಯವರೆಗೂ ನೆಟ್ಟಗೆ ಹೋಗಿ, ನಿಂತ ಗಾಜಿನಲ್ಲಿ ಮುಗಿಯುತ್ತದೆ. ಈಗಿನ ಎತ್ತರದ ಗಾಡಿಗಳಲ್ಲಿ ಕುಳಿತರೆ ರಸ್ತೆ ಎಲ್ಲೋ ಕೆಳಗೆ ಇರುತ್ತದೆ. ಇದರಲ್ಲಿ ಕುಳಿತರೆ ಕಾನಸೂರಿನ ತಿರುವುಗಳು ಸೊಂಟಕ್ಕೆ ಗೊತ್ತಾಗುತ್ತವೆ. ಕೀ ಅರ್ಧ ತಿರುಗಿಸಿ, ಹೀಟರಿನ ಹಳದಿ ದೀಪ ಆರುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ಡೀಸೆಲ್ ಎಂಜಿನ್ ಒಮ್ಮೆ ಮೈ ಕೊಡವಿಕೊಂಡು ಎದ್ದೇಳುತ್ತದೆ. ಬೆಲ್ಟ್ ಹಾಕಿಕೋ, ಬಾಗಿಲು ಹಾಕು ಎಂದು ಕಿರುಚುವ ಯಾವ ಯಂತ್ರವೂ ಒಳಗಿಲ್ಲ. ಪಾನಾ ಇದ್ದರೆ ಬಿಚ್ಚಲಾರದ ಭಾಗವಿಲ್ಲ.

ನಮ್ಮ ದೇಶದಲ್ಲಿ ಇಂಥ ಕಾರನ್ನು ಯಾರೂ ಬಯಸಲಿಲ್ಲ. ಪ್ರತ್ಯೇಕ ಡಿಕ್ಕಿ ಇಲ್ಲದ್ದು ಕಾರೇ ಅಲ್ಲ, ಟೆಂಪೋ ಎಂದು ಜನ ಮೂಗು ಮುರಿದರು. ತಯಾರಿಸಿದವರು ಕೆಲವೇ ವರ್ಷಗಳಲ್ಲಿ ನಿಲ್ಲಿಸಿದರು. ಉಳಿದವುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು. ಈಗ ಅದನ್ನು ಹುಡುಕಿ ಇಟ್ಟುಕೊಳ್ಳುವ ನಾವು ಹಲವರು ಒಬ್ಬರನ್ನೊಬ್ಬರು ಫೋನಿನ ಗುಂಪಿನಲ್ಲಿ ಮಾತ್ರ ಬಲ್ಲೆವು. ಕೊಲ್ಲಾಪುರದವನೊಬ್ಬನ ಬಳಿ ಬಾಗಿಲಿನ ಹಿಡಿ ಇದೆ, ಕೊಯಮತ್ತೂರಿನವನ ಬಳಿ ಹಿಂದಿನ ಗಾಜು ಇದೆ. ಯಾರಿಗೂ ಬೇಡವಾದದ್ದನ್ನು ಓಡುವಂತೆ ಇಟ್ಟುಕೊಳ್ಳುವುದರಲ್ಲಿ ಒಂದು ಹಟದ ಸುಖವಿದೆ.

ಇಷ್ಟೇ ಕಾರಣ ಎಂದು ಬರೆದು ಮುಗಿಸಬಹುದಿತ್ತು. ಆದರೆ ಧಾರವಾಡದ ದಿನಚರಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: 'ಇವತ್ತೂ ಆ ಕಾರು ನೋಡಿದೆ.' ನಮ್ಮ ವಿಭಾಗದ ಹಿಂದೆ, ಮರದ ಕೆಳಗೆ ಯಾರೋ ಪ್ರಾಧ್ಯಾಪಕರು ನಿಲ್ಲಿಸುತ್ತಿದ್ದ ಇದೇ ಬಗೆಯ ಕಾರು. ಅದರ ಅಂದ ನೋಡುತ್ತಿದ್ದೆನೋ ಹಿಂದಿನ ಗಾಜಿನಿಂದ ಒಳಗೆ ಇಣುಕುತ್ತಿದ್ದೆನೋ ಬರೆದಿಲ್ಲ. ಈಗ ನೆನಪಿಸಿಕೊಂಡರೆ ಎರಡೂ ನೆನಪಾಗುತ್ತವೆ. ಕೇಳಿದ ತಕ್ಷಣ ಬೇಕಾದದ್ದನ್ನು ತಂದುಕೊಡುವ ನೆನಪಿನ ಮೇಲೆ ನನಗೆ ಗುಮಾನಿ.

ಕಾರು ಸಿಕ್ಕಿದ್ದು ವಾನಳ್ಳಿಯ ಒಂದು ಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ. ಮೈ ಕಡುಗೆಂಪು, ಚಕ್ರದ ಮೇಲೆಲ್ಲ ತುಕ್ಕು. ಹಿಂಬಾಗಿಲನ್ನು ಎತ್ತಿ ಹಿಡಿಯುವ ಸಲಾಕೆಗಳ ಶಕ್ತಿ ಹೋಗಿ, ಅದಕ್ಕೊಂದು ಕೋಲು ಆನಿಸಿ ನಿಲ್ಲಿಸಿದ್ದರು. ಮಾಲೀಕರಿಗೆ ಎಪ್ಪತ್ತು ದಾಟಿತ್ತು. ಕೊಳ್ಳುವವಳು ನಾನು ಎಂದು ತಿಳಿದಾಗ ಅವರು ನನ್ನ ಗಂಡನ ಕಡೆ ನೋಡಿದರು.

"ತಂಗಿ, ಇದ್ರ ಸ್ಟೇರಿಂಗ್ ಭಾರ. ಹೆಂಗಸ್ರ ಕೈಗೆ ಬಗ್ತಿಲ್ಲೆ."

"ಬಗ್ಗಿಸಿ ನೋಡ್ತೆ," ಅಂದೆ.

"ಬಗ್ತು, ಬಗ್ತು," ಅಂದ ನನ್ನ ಗಂಡ. "ಎನ್ನನ್ನೇ ಬಗ್ಗಿಸಿದ್ದು, ಸ್ಟೇರಿಂಗ್ ಎಂತಾ ಲೆಕ್ಕ."

ಮಾಲೀಕರು ನಕ್ಕರು. ಕೀ ಕೊಡುವಾಗ ಒಂದು ಮಾತು ಸೇರಿಸಿದರು: "ಹಿಂದಿನ ಸೀಟು ಮಾತ್ರ ಮಡ್ಚಡ. ಮಡ್ಚಿದ್ರೆ ಮತ್ತೆ ಏಳ್ತಿಲ್ಲೆ."

ಶಿರಸಿಯ ನಮ್ಮ ಮನೆಗೆ ಬರುವ ದಾರಿಯಲ್ಲಿ ಗಂಡ ತಿರುಗಿ ತಿರುಗಿ ಹಿಂದೆ ನೋಡಿದ. "ಎಂತಕ್ಕೆ ಬೇಕಿತ್ತೇ ನಿಂಗೆ ಈ ರೈಲು? ಇದ್ರ ತಲೆ ಸಿದ್ದಾಪುರ ಮುಟ್ಟಿದ್ರೆ ಬಾಲ ಇನ್ನೂ ಶಿರಸಿಲೇ ಇರ್ತು."

ನಾನು ನಗುತ್ತಿದ್ದೆ. ಆ ದಿನ ಖುಷಿಯಾಗಿದ್ದೆ ಎಂದು ಬರೆದಿಟ್ಟಿದ್ದೇನೆ. ಅದೇ ದಿನ ಬರೆದದ್ದಾದ್ದರಿಂದ ನಂಬಬಹುದು.

ಯಲ್ಲಾಪುರ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ಮುಂಡಗೋಡ ಕಡೆಯವನು, ಅರವತ್ತರ ಮೇಲಿನವನು. ಗಾಡಿ ಒಳಗೆ ಬಂದದ್ದೇ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಬರ್ರಿ ಮೇಡಂ. ಇದಿನ್ನೂ ಜೀವಂತ ಐತೇನ್ರಿ?"

ಸೀಟು ಮಡಚಬೇಡ ಎಂದು ನಾನು ಹೇಳುವುದರೊಳಗೆ ಅವನು ಹಿಂದಿನ ಸೀಟಿನ ಬೆನ್ನಿಗೆ ಮೊಣಕೈಯಿಂದ ಒಂದು ಏಟು ಕೊಟ್ಟು ಮಡಚಿಬಿಟ್ಟಿದ್ದ. ಅದು ಇವತ್ತಿಗೂ ಎದ್ದಿಲ್ಲ. ಮುಂದಿನ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗೆ ಒಂದೇ ಸಮ ನೆಲ. ಅವನು ಅದರ ಮೇಲೆ ಅಂಗೈ ಬಡಿದ.

"ನೋಡ್ರಿ, ಮಂಚ ಇದ್ದಂಗ. ಆಗ ಆ್ಯಂಬುಲೆನ್ಸ್ ಎಲ್ಲಿತ್ರಿ? ಹುಬ್ಬಳ್ಳಿಯಿಂದ ಪೇಷಂಟ್ ತರಬೇಕಂದ್ರ ಇಂಥಾ ಗಾಡಿನ ಹುಡುಕೋರು. ಜೀಪಿನಾಗ ಕಾಲು ಚಾಚಾಕ ಬರಂಗಿಲ್ಲ. ನಾನೂ ನಾಕು ವರ್ಷ ಬಾಡಿಗಿ ಹೊಡದೀನಿ."

ನಾನು ಕೇಳದಿದ್ದರೂ ಅವನು ಮಾತು ಮುಂದುವರಿಸಿದ. ಇನ್ನು ಕೈಲಾಗದು ಎಂದು ವೈದ್ಯರು ಬಿಟ್ಟ ರೋಗಿಯನ್ನು ಮನೆಗೆ ಒಯ್ಯುವಾಗ ಎರಡು ರೂಲ್ಸು ಇದ್ದವಂತೆ. ಮೊದಲನೆಯದು, ಮನೆಯ ಗೇಟಿನ ಮುಂದೆ ಎಂಜಿನ್ ಬಂದ್ ಮಾಡಬಾರದು; ಪೇಷಂಟ್ ಒಳಗೆ ಹೋಗುವವರೆಗೆ ಚಾಲೂ ಇರಬೇಕು.

"ಯಾರ ರೂಲ್ಸು?"

"ಯಾರದೂ ಅಲ್ರಿ. ಮನಿಯವರ ಹೇಳತಿದ್ರು. ನಾವು ಯಾಕ ಏನು ಕೇಳತಿರಲಿಲ್ಲ."

ಯಾಕೆ ಎನ್ನುವುದು ನನಗೆ ಅರ್ಧ ಗೊತ್ತಿತ್ತು; ಎಂಜಿನ್ನಿನ ಪಾತ್ರ ಆಗ ಹೊಳೆಯಲಿಲ್ಲ. ಹೊರಗೆ ಸತ್ತವರನ್ನು ನಮ್ಮಲ್ಲಿ ಮನೆಯೊಳಗೆ ತರುವುದಿಲ್ಲ. ಅಂಗಳದಲ್ಲೇ ಮಲಗಿಸಿ ಅಲ್ಲಿಂದಲೇ ಕಳಿಸುತ್ತಾರೆ. ಆದರೆ ಗೇಟಿಗೆ ಬರುವಾಗ ಒಂದು ಎಳೆ ಉಸಿರಿದ್ದರೂ ಸಾಕು, ಹೊಸ್ತಿಲು ದಾಟಿಸಿ ಒಳಜಗಲಿಯಲ್ಲಿ ಮಲಗಿಸಬಹುದು, ಬಾಯಿಗೆ ನೀರು ಬಿಡಬಹುದು, ಆ ಮನುಷ್ಯ ತನ್ನ ಮನೆಯಿಂದಲೇ ಹೋದಂತೆ ಆಗುತ್ತದೆ. ಹಾಗಾಗಿ ಗಾಡಿ ಬಂದ ಕೂಡಲೇ ಮನೆಯ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ. ಜೊತೆಗೆ ಬಂದವರು "ಉಸ್ರಿದ್ದು" ಎನ್ನುತ್ತಾರೆ. ಆಮೇಲೆ ಯಾರೂ ಮೂಗಿಗೆ ಕೈ ಹಿಡಿದು ನೋಡುವುದಿಲ್ಲ. ನೋಡಬಾರದು. ಹುಬ್ಬಳ್ಳಿಯ ದಾರಿಯಲ್ಲಿ ತೀರಿಕೊಂಡ ಎಷ್ಟೋ ಜನ ನಮ್ಮ ಕಡೆ ಆ ಒಂದು ಮಾತಿನಿಂದ ಮನೆಯೊಳಗೆ ಸತ್ತಿದ್ದಾರೆ.

ನಮ್ಮ ಗೇಟಿನಲ್ಲಿ ಆ ಮಾತು ಹೇಳಿದವನು ಅಪ್ಪಚ್ಚಿ. ಇದು ನನಗೆ ಸ್ಪಷ್ಟ ನೆನಪಿದೆ. ಎಷ್ಟು ಸ್ಪಷ್ಟವೆಂದರೆ ಅದನ್ನೇ ಅನುಮಾನಿಸಬೇಕು ಅನ್ನಿಸುತ್ತದೆ. ಆಯಿ ಓಡಿ ಬಂದಳು, ನಾಲ್ಕು ಜನ ಅಪ್ಪನನ್ನು ಒಳಗೆ ಒಯ್ದರು, ಆಯಿ ಚಮಚದಲ್ಲಿ ನೀರು ಬಿಟ್ಟಳು, ಅರ್ಧ ನೀರು ಗಲ್ಲದ ಮೇಲೆ ಇಳಿಯಿತು. "ಎನ್ನ ಕೈಯಿಂದ ನೀರು ಕುಡ್ದೇ ಹೋದ" ಎಂದು ಅವಳು ಬದುಕಿರುವವರೆಗೂ ಹೇಳಿದಳು. ನಾಲ್ಕು ವರ್ಷದ ಹಿಂದೆ ಅವಳೂ ಹೋದಳು.

"ಇನ್ನೊಂದು ರೂಲ್ಸು ಯಾವುದು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಹಿಂದ ಒಬ್ರು ಕುಂತು ಪೇಷಂಟ್ ಕೂಡ ಮಾತಾಡ್ತಿರಬೇಕ್ರಿ."

"ಪೇಷಂಟಿಗೆ ಧೈರ್ಯ ಬರಲಿ ಅಂತಲಾ?"

"ಏ, ಇಲ್ರಿ. ಡ್ರೈವರ್ ಸಲುವಾಗಿ." ಅವನು ಬಾನೆಟ್ಟಿನ ಕೆಳಗೆ ತಲೆ ಹಾಕಿದ್ದ, ಅಲ್ಲಿಂದಲೇ ಹೇಳಿದ. "ಕೆಲವರು ಹೆಣ ಒಯ್ಯಾಕ ಒಲ್ಲೆ ಅಂತಿದ್ರು. ಮರುದಿನ ಅದ ಗಾಡ್ಯಾಗ ಮದುವಿ ಬಾಡಿಗಿ ಇರ್ತಿತ್ತಲ್ರಿ. ದಾರ್ಯಾಗ ಹೋದ್ರ ಅಲ್ಲೇ ಇಳಸತಿದ್ರು. ಹಿಂದ ಮಾತು ಕೇಳಸ್ತಿದ್ರ ಡ್ರೈವರ್ ತಿರುಗಿ ನೋಡಂಗಿಲ್ಲ. ಹೆಂಗಸ್ರು ನಡುವ ಅಳಾಕ ಹತ್ತತಾರ. ಸಣ್ಣ ಮಕ್ಕಳಾದ್ರ ಚಲೋ."

ಆಮೇಲೆ ಅವನು ಹೋಸ್ ಪೈಪು ಒಡೆದಿರುವುದನ್ನು ತೋರಿಸಿದ. ನಾನು ಬಗ್ಗಿ ನೋಡಿದೆ. ಒಡೆದಿತ್ತು.

ಅವತ್ತಿನಿಂದ ನನ್ನೊಳಗೆ ಒಂದು ವಿಚಾರಣೆ ಶುರುವಾಯಿತು. ಅಪ್ಪಚ್ಚಿಯ ಪರವಾಗಿ ನಾನೇ ವಾದಿಸಿದೆ. ಮಗುವಿಗೆ ಹೆದರಿಕೆಯಾಗದಿರಲಿ ಎಂದು ಮಾತಾಡು ಅಂದಿರಬಹುದು. ಅಪ್ಪನಿಗೆ ನಿಜವಾಗಿಯೂ ಕೇಳುತ್ತಿದ್ದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಬಳಿ ಒಂದು ಪುರಾವೆ ಇತ್ತು: ಅಪ್ಪನ ಎದೆಯ ಮೇಲೆ ಹೊದಿಸಿದ್ದ ಆಸ್ಪತ್ರೆಯ ಚಾದರ ಅಲುಗುತ್ತಿತ್ತು. ಅದನ್ನು ದಾರಿಯುದ್ದಕ್ಕೂ ನೋಡುತ್ತಲೇ ಇದ್ದೆ. ಚಾದರ ಅಲುಗುವುದು ನಿಂತರೆ ಅಪ್ಪಚ್ಚಿಗೆ ಹೇಳಬೇಕು ಎಂದುಕೊಂಡಿದ್ದೆ. ಅದು ನಿಲ್ಲಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಅಂಗಳದಲ್ಲಿ ಚಾಲೂ ಮಾಡಿ ಬಿಟ್ಟಿದ್ದೆವು. ಬ್ಯಾಟರಿ ಹೊಸದು, ಸ್ವಲ್ಪ ಹೊತ್ತು ಓಡಲಿ ಎಂದು. ಅರಬೈಲಿನ ಕಡೆ ಎಲ್ಲಾದರೂ ಹೋಗಿ ಗಾಡಿಯಲ್ಲೇ ಮಲಗಿ ಬರಬಹುದು ಎಂಬುದು ನನ್ನ ಗಂಡನ ಹೊಸ ಯೋಜನೆ. ತೆಳ್ಳನೆಯ ಹಾಸಿಗೆ ತಂದು ಹಾಸಿ ತಾನೇ ಮಲಗಿ ನೋಡಿದ. ನಾನು ಪಕ್ಕದಲ್ಲಿ ಕುಳಿತು ಹಿಂಬಾಗಿಲು ಎಳೆದುಕೊಂಡೆ.

"ಕಾಲು ಎಲ್ಲಿ ಇಡದೇ? ಬಿಚ್ಚಿ ಮನೇಲಿ ಇಟ್ಟಿಕ್ಕಿ ಬರವಾ?"

ಬಾಗಿಲು ಹಾಕಿದರೆ ಅವನ ಮೊಣಕಾಲು ಮಡಚಬೇಕಿತ್ತು. ಅಪ್ಪ ಅವನಿಗಿಂತ ಎತ್ತರ. ಶಾಲೆಯ ಸ್ಟಾಫ್ ರೂಮಿನ ಬಾಗಿಲಿಗೆ ತಲೆ ತಗ್ಗಿಸಿ ಹೋಗುತ್ತಿದ್ದ ಗಣಿತದ ಮೇಷ್ಟರು. ನನ್ನ ನೆನಪಿನಲ್ಲಿ ಅಪ್ಪ ನೆಟ್ಟಗೆ ಮಲಗಿದ್ದಾನೆ, ಬಾಗಿಲೂ ಹಾಕಿದೆ. ಎರಡರಲ್ಲಿ ಒಂದು ಸುಳ್ಳು. ನಾನು ಅದನ್ನೇ ಯೋಚಿಸುತ್ತಿದ್ದಾಗ ಗಂಡ ಕಣ್ಣು ಮುಚ್ಚಿದ್ದ. ಅವನ ಅಂಗಿ ಎದೆಯ ಮೇಲೆ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು. ನಿದ್ದೆ ಬಂತೇನೋ ಎಂದುಕೊಂಡೆ.

"ನಿದ್ದೆ ಬಂತಾ?"

ಅವನು ಕಣ್ಣು ಬಿಡದೆ ತಲೆ ಅಲ್ಲಾಡಿಸಿದ. ಕೆನ್ನೆ ಉಬ್ಬಿತ್ತು. ಉಸಿರು ಬಿಗಿಹಿಡಿದು ನನ್ನನ್ನು ಹೆದರಿಸಲು ಆಟ ಹೂಡಿದ್ದ. ಆದರೆ ಅಂಗಿ ಅಲುಗುತ್ತಲೇ ಇತ್ತು. ಹಾಸಿಗೆಯ ಅಂಚು, ಕಿಟಕಿಯ ರಬ್ಬರು, ನನ್ನ ಸೆರಗು, ಎಲ್ಲವೂ ಎಂಜಿನ್ನಿನ ಜೊತೆ ಅಲುಗುತ್ತಿದ್ದವು.

ನಾನು ಮುಂದಿನ ಸೀಟುಗಳ ನಡುವೆ ಕೈ ತೂರಿಸಿ ಕೀ ತಿರುಗಿಸಿದೆ. ಅಂಗಿ ನಿಂತಿತು. ಅವನ ಎದೆ ಹಲಗೆಯಂತೆ ಇತ್ತು. ಆಮೇಲೆ ಅವನು ಭುಸ್ ಎಂದು ಉಸಿರು ಬಿಟ್ಟು ಎದ್ದು ಕುಳಿತ.

"ಹೆದ್ರಿದ್ಯಾ? ಆಗಿಂದ ಹಿಡ್ಕಂಡಿದ್ದೆ ಮಾರಾಯ್ತಿ."

ನಾನು ಇಳಿದು ಒಳಗೆ ಹೋಗಿ ಹಾಲು ಕಾಯಿಸಿದೆ. ಏನಾಯಿತು ಎಂದು ಅವನು ಹಿಂದೆಯೇ ಬಂದ. ಚಾದರದ ವಿಷಯ ಅವನಿಗೆ ಹೇಳಿದೆ. ಅವನು, "ಹನ್ನೊಂದು ವರ್ಷದ ಕೂಸು, ಎಂತ ಗೊತ್ತಾಗ್ತು," ಅಂದ. ಅದು ಸಮಾಧಾನದ ಮಾತು. ಆದರೆ ಹನ್ನೊಂದು ವರ್ಷದ ಕೂಸಿಗೆ ಗೊತ್ತಾಗಲಿಲ್ಲ ಎನ್ನುವುದೇ ನನ್ನ ಕಷ್ಟ.

ಆ ಮೂರು ತಾಸು ಅಪ್ಪನಿಗೆ ಏನೆಲ್ಲ ಹೇಳಿದೆ ಎಂದು ಪೂರ್ತಿ ನೆನಪಿಲ್ಲ. ಅತ್ತೆಯ ಮನೆಯ ಬೆಕ್ಕು ಮರಿ ಹಾಕಿದ್ದು. ಹದಿನೇಳರ ಮಗ್ಗಿ, ಅಪ್ಪನಿಗೆ ಅದು ಖುಷಿ ಎಂದು ಎರಡು ಸಲ ಹೇಳಿದೆ. ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಬೇರೆ ಯಾರಿಗೂ ಹೇಳಿರಲಿಲ್ಲ. ಸಂಜೆ ದೇವರ ಮುಂದೆ ಕುಳಿತು ಅಪ್ಪನಿಗಾಗಿ ಬೇಡಿಕೋ ಎಂದು ಅತ್ತೆ ಕಳಿಸುತ್ತಿದ್ದಳು. ನಾನು ಕುಳಿತು ಬೆಕ್ಕಿನ ಮರಿಗಳಿಗೆ ಹೆಸರು ಯೋಚಿಸುತ್ತಿದ್ದೆ. ಒಂದು ದಿನವೂ ಬೇಡಿಕೊಂಡಿರಲಿಲ್ಲ. ಅದನ್ನು ಸೋಂದಾ ಕ್ರಾಸಿನ ಆಸುಪಾಸಿನಲ್ಲಿ ಅಪ್ಪನ ಕಿವಿಯ ಹತ್ತಿರ ಹೇಳಿದೆ. ಹೇಳಿ ಚಾದರ ನೋಡಿದೆ. ಅದು ಮೊದಲಿನಂತೆಯೇ ಅಲುಗುತ್ತಿತ್ತು. ಅಪ್ಪ ಕೇಳಿಸಿಕೊಂಡ, ಬೈಯಲಿಲ್ಲ ಎಂದುಕೊಂಡೆ. ಅಷ್ಟನ್ನೇ ಹಿಡಿದು ಇಷ್ಟು ವರ್ಷ ಬಂದಿದ್ದೇನೆ. ಇದು ಬಾಲಿಶ ಎಂದು ಗೊತ್ತಿದೆ. ಗೊತ್ತಿರುವುದರಿಂದ ಕಡಿಮೆಯಾಗಿಲ್ಲ.

ಅಪ್ಪಚ್ಚಿ ಸಿದ್ದಾಪುರದಲ್ಲಿದ್ದಾನೆ. ಎಂಬತ್ತೆರಡು. ಕಿವಿ ಚುರುಕು, ಕಣ್ಣು ಮಂದ. ಹದಿನೈದು ದಿನಕ್ಕೊಮ್ಮೆ ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಬರುತ್ತೇನೆ. ಮೊದಲು ಗಂಡನ ಸಣ್ಣ ಕಾರಿನಲ್ಲಿ ಹೋಗುತ್ತಿದ್ದೆ. ಆ ಭಾನುವಾರ ಕಳೆದ ಮೇಲೆ ಉದ್ದದ ಗಾಡಿ ಒಯ್ದೆ. ಬೇಕೆಂದೇ ಒಯ್ದೆನೇ? ಹೌದು, ಬೇಕೆಂದೇ. ಇಲ್ಲಿ ನನ್ನ ನೆನಪನ್ನು ದೂರುವಂತಿಲ್ಲ.

ಅವನು ಗೇಟಿನ ಹೊರಗೆ ಕೊಡೆ ಊರಿಕೊಂಡು ನಿಂತು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಕೈಯಲ್ಲಿ ಸವರಿದ. ಹಿಂದಿನ ಗಾಜಿಗೆ ಮೂಗು ತಾಗಿಸಿ ಒಳಗೆ ನೋಡಿದ. ಸೀಟು ಮಡಚಿಯೇ ಇತ್ತು.

"ಆನು ಈಗ್ಲೇ ಹಿಂದೆ ಹೋಗವಾ ಕೂಸೆ? ಇಲ್ದೆ ಹೋದ್ರೆ ಮುಂದೆ ಕೂರ್ಲಕ್ಕಾ?"

"ಮುಂದೇ ಕೂತ್ಕ ಅಪ್ಪಚ್ಚಿ."

"ಹಂಗಾರೆ ಸೈ."

ಕಾನಸೂರಿನವರೆಗೆ ಅವನು ಡಾಕ್ಟರನ್ನು ಬೈದ. ಆಮೇಲೆ ತಾನಾಗಿಯೇ ಹೇಳಿದ: "ನಿನ್ನ ಅಪ್ಪನ್ನ ತಂದಿದ್ದು ಇಂತದ್ರಲ್ಲೇ."

"ಬಿಳಿ ಬಣ್ಣ ಅಲ್ದಾ?"

"ಬಣ್ಣ ಯಾರು ನೋಡಿದ್ದ." ಸ್ವಲ್ಪ ತಡೆದು ನಕ್ಕ. "ಅವತ್ತು ಎಷ್ಟು ಮಾತಾಡಿದ್ಯೇ ನೀನು! ಬಾಯಿ ಮುಚ್ಚಿದ್ದೇ ಇಲ್ಲೆ. ಡ್ರೈವರ್ ಹೇಳಿದ್ದ, ಕೂಸು ಭಾರೀ ಚುರುಕಿದ್ದು ಹೇಳಿ."

ಡ್ರೈವರ್ ತಿರುಗಿ ನೋಡಿದ್ದನೇ ಎಂದು ಕೇಳಬೇಕೆನಿಸಿತು. ಅದನ್ನು ಕೇಳಲಿಲ್ಲ. ಅದಕ್ಕಿಂತ ನೇರವಾದದ್ದನ್ನು ಕೇಳಿದೆ. ಏರಿನಲ್ಲಿದ್ದೆವು, ಎಂಜಿನ್ ಗಟ್ಟಿಯಾಗಿ ಒದರುತ್ತಿತ್ತು. ಆದರೂ ಅವನಿಗೆ ಕೇಳಿಸಿದೆ, ಕೊಡೆಯ ಹಿಡಿಯ ಮೇಲಿದ್ದ ಕೈ ಒಮ್ಮೆ ಬಿಗಿಯಾಯಿತು. ಅವನು ಮುಖ ಕಿಟಕಿಯ ಕಡೆ ತಿರುಗಿಸಿದ.

"ಗೇರು ಬದ್ಲಾಯ್ಸು," ಅಂದ. "ಗಾಡಿ ಅಳ್ತಾ ಇದ್ದು."

ಬದಲಾಯಿಸಿದೆ. ಶಿರಸಿಯಲ್ಲಿ ಕಣ್ಣಿಗೆ ಔಷಧಿ ಬಿಟ್ಟರು. ವಾಪಸು ಬರುವಾಗ ಕಣ್ಣು ಮುಚ್ಚಿಕೊಂಡೇ ಇದ್ದ. ಡಾಕ್ಟರು ಹಾಗೆ ಹೇಳಿದ್ದರು.

ಆಮೇಲೆ ಎಷ್ಟೋ ಸಲ ಅದೇ ಗಾಡಿಯಲ್ಲಿ ಹೋಗಿ ಬಂದಿದ್ದೇವೆ. ಅವನು ಮುಂದೆ ಕುಳಿತು ಡಾಕ್ಟರನ್ನು ಬೈಯುತ್ತಾನೆ, ನಾನು ಗೇರು ಬದಲಾಯಿಸುತ್ತೇನೆ. ಅವನು ಆ ದಿನ ಸುಳ್ಳು ಹೇಳಿದ್ದರೆ ಆಯಿಗಾಗಿ ಹೇಳಿರಬೇಕು, ಅಣ್ಣ ಅಂಗಳದಲ್ಲಿ ಮಲಗುವುದು ಬೇಡವೆಂದು ಹೇಳಿರಬೇಕು. ನಾನಾಗಿದ್ದರೂ ಹೇಳುತ್ತಿದ್ದೆ. ನನ್ನನ್ನು ಹಿಂದೆ ಕೂರಿಸಿದ್ದನ್ನು ಮಾತ್ರ ನಾನು ಮಾಡುತ್ತಿದ್ದೆನೇ ಎಂದು ಗೊತ್ತಿಲ್ಲ. ಈಗ ಅವನು ಉಸಿರಿತ್ತು ಎಂದರೂ ನಾನು ನಂಬುತ್ತೇನೆಂಬ ಭರವಸೆಯಿಲ್ಲ. ಗೇಟಿನಲ್ಲಿ ಅದೇ ಮಾತು ಹೇಳಿದವನು ಅವನೇ. ಇಲ್ಲ ಎಂದರೆ ನಂಬುತ್ತೇನೆ. ಅದು ಅವನಿಗೂ ಗೊತ್ತಿರಬೇಕು.

ಆ ಮೊದಲ ದಿನ ಏರಿನಲ್ಲಿ ನಾನು ಕೇಳಿದ ಪ್ರಶ್ನೆ ಮುಂದೆ ನನ್ನ ಬಾಯಲ್ಲಿ ಬದಲಾಗಬಾರದೆಂದು ಅವತ್ತೇ ಮನೆಗೆ ಬಂದವಳೇ ಬರೆದಿಟ್ಟೆ. ಉತ್ತರಕ್ಕೆಂದು ಬಿಟ್ಟ ಅರ್ಧ ಪುಟ ಹಾಗೆಯೇ ಇದೆ. ಕೇಳಿದ್ದು ಇಷ್ಟು:

"ಅಪ್ಪಚ್ಚಿ, ಯಲ್ಲಾಪುರದಲ್ಲಿ ಆನು ಗಾಡಿ ಹತ್ತಿದಾಗ ಅಪ್ಪಂಗೆ ಉಸ್ರು ಇತ್ತಾ?"